‘ಫುಲ್ ಇನ್ಶೂರೆನ್ಸ್’ ಇದ್ದರೂ ಗ್ಯಾರೇಜಿಗೆ ದುಡ್ಡು ಯಾಕೆ ಕಟ್ಟಬೇಕು?

ಪ್ರಶ್ನೆ: ಕಾರಿಗೆ ಫುಲ್ ಇನ್ಶೂರೆನ್ಸ್ ಮಾಡಿಸಿದ್ದೇನೆ. ಆದರೂ ರಿಪೇರಿ ಆದಮೇಲೆ ಒಂಬತ್ತು ಸಾವಿರ ಕಟ್ಟಿ ಅಂತಿದ್ದಾರೆ. ಪಾಲಿಸಿಯಲ್ಲಿ ಇದು ಎಲ್ಲಿ ಬರೆದಿದೆ?

ಮಂಡ್ಯ ಕಡೆಯಿಂದ ಈ ಪ್ರಶ್ನೆ ಕಬ್ಬು ಕಟಾವಿನ ಕಾಲದಲ್ಲಿ ಜಾಸ್ತಿ ಬರುತ್ತದೆ. ಹಿಂದೆ ಲೈಟಿಲ್ಲದ ಟ್ರೇಲರಿಗೆ ರಾತ್ರಿ ಗುದ್ದಿರುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಮಾತು: ‘ಫುಲ್ ಇತ್ತಲ್ಲ ಸಾರ್?’ ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪಾಲಿಸಿಯನ್ನು ಎದುರಿಗಿಟ್ಟುಕೊಂಡು ಓದಿ.

ಪಾಲಿಸಿಯಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ಕಾನೂನು ಕಡ್ಡಾಯ ಮಾಡಿರುವುದು ಇದನ್ನೇ. ಓನ್ ಡ್ಯಾಮೇಜ್ ಅಂದರೆ ನಿಮ್ಮ ಗಾಡಿಗಾದ ಹಾನಿಗೆ. ಎರಡೂ ಸೇರಿದ್ದನ್ನು ಏಜೆಂಟರು ಫುಲ್ ಅನ್ನುತ್ತಾರೆ. ಎರಡು ಭಾಗವೂ ಇದೆ ಅಂತ ಅದರರ್ಥ. ಬಿಲ್ ಪೂರ್ತಿ ಕೊಡುತ್ತಾರೆ ಅಂತಲ್ಲ.

ದುಡ್ಡು ಕಡಿತವಾಗುವುದು ಮುಖ್ಯವಾಗಿ ಸವಕಳಿಯಲ್ಲಿ, ಅಂದರೆ ಡೆಪ್ರಿಸಿಯೇಷನ್‌ನಲ್ಲಿ. ಪಾರ್ಟ್ ಹೊಸದು ಹಾಕಿದರೂ ಕಂಪನಿ ಹಳೇ ಪಾರ್ಟಿನ ವಯಸ್ಸು ನೋಡುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಗಾಡಿ ಎಷ್ಟೇ ಹೊಸದಿರಲಿ ಶೇ. 50 ಕಡಿತ. ಫೈಬರಿಗೆ ಶೇ. 30. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ಐದು ವರ್ಷ ದಾಟಿದರೆ ಶೇ. 40, ಹತ್ತು ದಾಟಿದರೆ ಶೇ. 50.

ಲೆಕ್ಕ ಹಾಕಿ ನೋಡೋಣ. ಆರು ವರ್ಷದ ಕಾರು. ಬಂಪರ್ 8,000, ಬಾನೆಟ್ 10,000, ಕೂಲಿ 5,000, ಒಟ್ಟು 23,000 ಅಂದುಕೊಳ್ಳಿ. ಬಂಪರಿಗೆ 4,000, ಬಾನೆಟ್ಟಿಗೆ 6,000, ಕೂಲಿ ಪೂರ್ತಿ 5,000 ಸಿಗುತ್ತದೆ. ಅದರಲ್ಲಿ ಕಂಪಲ್ಸರಿ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಹೊರಬೇಕಾದ ಪಾಲು, 1,000 ಹೋಯಿತು (1500 ಸಿಸಿ ದಾಟಿದ ಕಾರಿಗೆ 2,000). ಕಂಪನಿ ಕೊಡುವುದು 14,000. ಉಳಿದ 9,000 ನಿಮ್ಮದು. ಇದರಲ್ಲಿ ಗ್ಯಾರೇಜಿನವರ ಮೋಸವೇನೂ ಇಲ್ಲ.

ಎಲ್ಲಿ ಬರೆದಿದೆ ಅಂತ ಕೇಳಿದ್ದೀರಿ, ಒಳ್ಳೆಯ ಪ್ರಶ್ನೆ. ಸವಕಳಿಯ ಪಟ್ಟಿ ಇರುವುದು ಹಿಂದಿನ ಸಣ್ಣಕ್ಷರದ ಹಾಳೆಗಳಲ್ಲಿ, ಅಂದರೆ ಪಾಲಿಸಿ ವರ್ಡಿಂಗ್‌ನಲ್ಲಿ. ಡಿಡಕ್ಟಿಬಲ್ ಮುಂಭಾಗದ ಶೆಡ್ಯೂಲಿನಲ್ಲೇ, ಅಂದರೆ ನಿಮ್ಮ ಹೆಸರು, ಗಾಡಿಯ ವಿವರ ಇರುವ ಹಾಳೆಯಲ್ಲೇ ಇರುತ್ತದೆ. ಅಲ್ಲಿ ‘ವಾಲಂಟರಿ ಡಿಡಕ್ಟಿಬಲ್’ ಮುಂದೆ ಏನಾದರೂ ಮೊತ್ತ ಇದೆಯಾ ನೋಡಿ. ಪ್ರೀಮಿಯಂ ಕಮ್ಮಿ ಆಗಲಿ ಅಂತ ಆನ್‌ಲೈನಿನಲ್ಲಿ ಅದನ್ನು ಒತ್ತಿಬಿಟ್ಟು ಮರೆತವರು ಬೇಕಾದಷ್ಟು ಜನ.

‘ಹಾಗಾದ್ರೆ ಝೀರೋ ಡೆಪ್ ಹಾಕಿಸಿದರೆ ಎಲ್ಲಾ ಸಿಗುತ್ತೆ ಅಲ್ವಾ?’ ಇಲ್ಲ. ಝೀರೋ ಡೆಪ್ ಅಂದರೆ ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳುವ ಕವರ್; ಅದು ಹೋಗಲಾಡಿಸುವುದು ಸವಕಳಿಯ ಕಡಿತವನ್ನು ಮಾತ್ರ. ಡಿಡಕ್ಟಿಬಲ್ ಹಾಗೇ ಇರುತ್ತದೆ. ಆಯಿಲ್, ಕೂಲೆಂಟ್, ನಟ್ಟು ಬೋಲ್ಟು ಸಾಮಾನ್ಯವಾಗಿ ಸೇರುವುದಿಲ್ಲ. ಅಂಡರ್‌ಪಾಸ್ ನೀರಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಿ ಇಂಜಿನ್ ಹಾಳಾದರೆ, ಅದಕ್ಕೆ ಬೇರೆಯೇ ಇಂಜಿನ್ ಕವರ್ ಬೇಕು. ಮಳೆಗಾಲದಲ್ಲಿ ಓಡಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಶೆಡ್ಯೂಲಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ನಿಮ್ಮ ಗಾಡಿಗೆ ಕಟ್ಟಿದ ಬೆಲೆ, ರಿಪೇರಿಗೆ ಕೊಡುವ ದುಡ್ಡಲ್ಲ. ಗಾಡಿ ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ, ಆಗ ಲೆಕ್ಕಕ್ಕೆ ಬರುವುದು ಅದು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡವರು ಆರ್‌ಟಿಓದಲ್ಲಿ ಹೆಸರು ಬದಲಾಯಿಸಿ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ತಾನಾಗಿ ಬರುತ್ತದೆ. ಓನ್ ಡ್ಯಾಮೇಜ್ ಬರುವುದಿಲ್ಲ. ಗಾಡಿ ಕೈ ಬದಲಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ಶೆಡ್ಯೂಲಿನಲ್ಲಿ ಹಳೇ ಮಾಲೀಕರ ಹೆಸರೇ ಇರುತ್ತದೆ, ನೀವು ಕೈ ಖಾಲಿ ಬರುತ್ತೀರಿ. ನೋ ಕ್ಲೇಮ್ ಬೋನಸ್ ಕೂಡ ಮಾರಿದವರದ್ದು, ಗಾಡಿಯದ್ದಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ, ಶೇ. 50ರವರೆಗೆ ಬೆಳೆಯುವ ರಿಯಾಯಿತಿ ಅದು. ಮಾರುವವರು ಕಂಪನಿಯಿಂದ ಅದರ ಪತ್ರ ಬರೆಸಿಟ್ಟುಕೊಂಡರೆ ಮೂರು ವರ್ಷದೊಳಗೆ ತಮ್ಮ ಮುಂದಿನ ಕಾರಿಗೆ ಬಳಸಬಹುದು.