‘ಕ್ರಾಂತಿ ಟಿ.ವಿ.ಯಲ್ಲಿ ಬರುವುದಿಲ್ಲ’ ಅಂದರೆ ಏನು? ಗಿಲ್ ಸ್ಕಾಟ್-ಹೆರಾನ್ ಕವಿತೆಗೊಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಕಪ್ಪು ಕವಿ-ಗಾಯಕ ಗಿಲ್ ಸ್ಕಾಟ್-ಹೆರಾನ್‌ನ ‘ದಿ ರೆವಲ್ಯೂಷನ್ ವಿಲ್ ನಾಟ್ ಬಿ ಟೆಲಿವೈಸ್ಡ್’ (ಕ್ರಾಂತಿ ಟಿ.ವಿ.ಯಲ್ಲಿ ಬರುವುದಿಲ್ಲ) ಬಗ್ಗೆ ಪರೀಕ್ಷೆಯಲ್ಲಿ ಬರೆಯುವ ಹೆಚ್ಚಿನ ಉತ್ತರಗಳು ಒಂದೇ ವಾಕ್ಯಕ್ಕೆ ಬಂದು ಕೂತುಬಿಡುತ್ತವೆ: ‘ಮಾಧ್ಯಮಗಳು ಸತ್ಯವನ್ನು ಮುಚ್ಚಿಡುತ್ತವೆ ಎಂದು ಕವಿ ಹೇಳುತ್ತಾನೆ.’ ಶೀರ್ಷಿಕೆಯಷ್ಟನ್ನೇ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಒಳಗಿನ ಸಾಲುಗಳಲ್ಲಿ ಅರ್ಧಕ್ಕರ್ಧ ಈ ಅರ್ಥಕ್ಕೆ ಬಗ್ಗುವುದಿಲ್ಲ. ಟಿಪ್ಪಣಿಯ ಬಹುಪಾಲು ಈ ಒಂದು ಗಂಟು ಬಿಡಿಸುವುದಕ್ಕೇ ಹೋಗಿದೆ. ಉಳಿದದ್ದು ಚುಟುಕು.

ಬೇಕಾದಷ್ಟೇ ಹಿನ್ನೆಲೆ

ಕವಿ ಹುಟ್ಟಿದ್ದು 1949ರಲ್ಲಿ, ಷಿಕಾಗೋದಲ್ಲಿ. ಬಾಲ್ಯ ಟೆನೆಸಿಯ ಜಾಕ್ಸನ್ ಊರಲ್ಲಿ ಅಜ್ಜಿಯ ಬಳಿ, ಆಮೇಲೆ ನ್ಯೂಯಾರ್ಕ್. ಕವಿತೆ ಮೊದಲು ಬಂದದ್ದು 1970ರ ‘ಸ್ಮಾಲ್ ಟಾಕ್ ಅಟ್ 125ತ್ ಆ್ಯಂಡ್ ಲೆನಾಕ್ಸ್’ ಆಲ್ಬಮ್‌ನಲ್ಲಿ. ಹೆಸರಿನಲ್ಲಿರುವುದು ನ್ಯೂಯಾರ್ಕ್‌ನ ಕಪ್ಪುಜನರ ಬಡಾವಣೆ ಹಾರ್ಲೆಮ್‌ನ ಒಂದು ರಸ್ತೆಕೂಡು. ಆ ಆವೃತ್ತಿಯಲ್ಲಿ ಮಾತು ಮತ್ತು ಕೈವಾದ್ಯಗಳು, ಅಂದರೆ ಕಾಂಗಾ, ಬಾಂಗೊ ಅಷ್ಟೇ. 1971ರ ‘ಪೀಸಸ್ ಆಫ್ ಎ ಮ್ಯಾನ್’ ಆಲ್ಬಮ್‌ಗೆ ಅದನ್ನೇ ಪೂರ್ಣ ವಾದ್ಯವೃಂದದೊಂದಿಗೆ ಮತ್ತೆ ಧ್ವನಿಮುದ್ರಿಸಿದರು: ಬೇಸ್ ರಾನ್ ಕಾರ್ಟರ್, ಕೊಳಲು ಹ್ಯೂಬರ್ಟ್ ಲಾಸ್, ಡ್ರಮ್ಸ್ ಬರ್ನಾರ್ಡ್ ಪರ್ಡಿ. ನಾವು ಸಾಮಾನ್ಯವಾಗಿ ಕೇಳುವುದು ಈ ಎರಡನೆಯದನ್ನು.

ಒಂದು ಎಳೆ ಮಾತ್ರ ಮರೆಯಬೇಡಿ. ಅದೇ ಕಾಲದ ‘ದಿ ಲಾಸ್ಟ್ ಪೊಯಟ್ಸ್’ ಎಂಬ ಕಪ್ಪು ಕವಿಗಳ ಗುಂಪಿನ ‘ವೆನ್ ದಿ ರೆವಲ್ಯೂಷನ್ ಕಮ್ಸ್’ ಕವಿತೆಯಲ್ಲಿ, ಕ್ರಾಂತಿ ಬಂದಾಗ ನಮ್ಮವರಲ್ಲಿ ಕೆಲವರು ಅದನ್ನು ಟಿ.ವಿ.ಯಲ್ಲೇ ನೋಡುತ್ತಾ ಕೂತಿರುತ್ತಾರೆ ಎಂಬ ಚುಚ್ಚುಮಾತಿದೆ. ಸ್ಕಾಟ್-ಹೆರಾನ್ ಕವಿತೆ ಆ ಮಾತಿಗೆ ಕೊಟ್ಟ ಉತ್ತರ. ಅಂದರೆ ಚರ್ಚೆ ಶುರುವಾದದ್ದೇ ಟಿ.ವಿ. ಮುಂದೆ ಕೂತವನ ಬಗ್ಗೆ, ಟಿ.ವಿ. ಸಂಸ್ಥೆಯ ಬಗ್ಗೆ ಅಲ್ಲ.

‘ಇಲ್ಲ’ಗಳನ್ನು ಮೂರು ರಾಶಿ ಮಾಡಿ

ಹೆಸರುಗಳ ಅರ್ಥ ಹುಡುಕಲು ಓಡಬೇಡಿ. ಮೊದಲು ಪಠ್ಯವನ್ನು ಮುಂದಿಟ್ಟುಕೊಂಡು ಪ್ರತಿ ವಾಕ್ಯದ ಕರ್ತೃಪದಕ್ಕೆ ಅಡಿಗೆರೆ ಹಾಕಿ. ಪಕ್ಕದಲ್ಲಿ ನಿಷೇಧವಾದರೆ ಕಳೆಯುವ ಚಿಹ್ನೆ, ವಿಧಿಯಾದರೆ (ಅಂದರೆ ‘ಹೌದು’, ‘ಮಾಡು’ ಎನ್ನುವ ಮಾತಾದರೆ) ಕೂಡುವ ಚಿಹ್ನೆ. ಹತ್ತು ನಿಮಿಷದ ಕೆಲಸ. ನಿಷೇಧಗಳು ತಾವಾಗಿಯೇ ಮೂರು ರಾಶಿಗೆ ಬೀಳುತ್ತವೆ.

ಮೊದಲ ರಾಶಿಯಲ್ಲಿ ಕರ್ತೃ ‘ನೀನು’. ನೀನು ಮನೆಯಲ್ಲಿ ಉಳಿಯಲಾರೆ, ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿ ಜಾರಿಕೊಳ್ಳಲಾರೆ, ಹೆರಾಯಿನ್‌ನಲ್ಲಿ ಮೈಮರೆಯಲಾರೆ, ಜಾಹೀರಾತು ಬಂದಾಗ ಬಿಯರ್ ತರಲು ಎದ್ದುಹೋಗಲಾರೆ. ಕವಿತೆ ಶುರುವಾಗುವುದೇ ಇಲ್ಲಿಂದ.

ಎರಡನೆಯ ರಾಶಿಯಲ್ಲಿ ಕರ್ತೃ ‘ದೃಶ್ಯಗಳು’: ಇಂಥದರ ಚಿತ್ರ ಇರುವುದಿಲ್ಲ, ರಾತ್ರಿ ಹನ್ನೊಂದರ ವಾರ್ತೆಯಲ್ಲಿ ಮುಖ್ಯಾಂಶ ಇರುವುದಿಲ್ಲ, ಶೀರ್ಷಿಕೆ ಗೀತೆಯನ್ನು ಇಂಥವರು ಹಾಡುವುದಿಲ್ಲ.

ಮೂರನೆಯದರಲ್ಲಿ ಕರ್ತೃ ‘ಕ್ರಾಂತಿ’. ಅದನ್ನು ನಾಲ್ಕು ಭಾಗಗಳಲ್ಲಿ ಜೆರಾಕ್ಸ್ ಕಂಪನಿ ಪ್ರಾಯೋಜಿಸುವುದಿಲ್ಲ, ಅದು ನಿನ್ನನ್ನು ಐದು ಪೌಂಡ್ ತೆಳ್ಳಗೆ ಕಾಣಿಸುವುದಿಲ್ಲ, ಕೋಕ್ ಜೊತೆ ಹೆಚ್ಚು ರುಚಿಸುವುದಿಲ್ಲ, ಬಾಯಿಯ ದುರ್ವಾಸನೆಯ ಕ್ರಿಮಿಗಳ ಜೊತೆ ಹೋರಾಡುವುದಿಲ್ಲ. ಇಲ್ಲಿ ಕ್ರಾಂತಿಯನ್ನು ಮಾರಾಟದ ಸರಕಿನ ಜಾಗದಲ್ಲಿ ಇಟ್ಟು ನೋಡಿ, ಸರಕಲ್ಲ ಎಂದು ಎತ್ತಿಹಾಕಲಾಗುತ್ತದೆ.

ಈಗ ಪ್ರತಿ ಸಾಲಿನ ಕೊನೆಗೆ ಒಂದು ‘ಏಕೆಂದರೆ’ ಅಂಟಿಸಿ. ಮೊದಲು ಚಾಲ್ತಿಯ ವ್ಯಾಖ್ಯಾನ: ‘...ಏಕೆಂದರೆ ಮಾಧ್ಯಮ ಅದನ್ನು ಮುಚ್ಚಿಡುತ್ತದೆ.’ ಎರಡನೆಯ ರಾಶಿಯಲ್ಲಿ ಇದು ಹೇಗೋ ನಡೆಯುತ್ತದೆ. ಮೊದಲನೆಯದರಲ್ಲಿ ಕುಂಟುತ್ತದೆ: ‘ನೀನು ಮನೆಯಲ್ಲಿ ಉಳಿಯಲಾರೆ, ಏಕೆಂದರೆ ಮಾಧ್ಯಮ ಮುಚ್ಚಿಡುತ್ತದೆ’ ಅಂದರೆ ತಲೆಬುಡವಿಲ್ಲ. ಮೂರನೆಯದರಲ್ಲಿ ಬಿದ್ದೇಹೋಗುತ್ತದೆ. ಐದು ಪೌಂಡ್ ತೆಳ್ಳಗೆ ಕಾಣುವುದಕ್ಕೂ ಸೆನ್ಸಾರ್‌ಗೂ ಏನು ಸಂಬಂಧ? ಈಗ ಬದಲಿಸಿ: ‘...ಏಕೆಂದರೆ ಆಗ ನೀನು ನೋಡುಗನಾಗಿ, ಗಿರಾಕಿಯಾಗಿ ಉಳಿದಿರುವುದಿಲ್ಲ.’ ಮೂರೂ ರಾಶಿಗೆ ಕೂರುತ್ತದೆ. ವ್ಯಾಖ್ಯಾನ ಯಾವುದೇ ಇರಲಿ, ಕವಿತೆಯ ಎಲ್ಲ ಸಾಲುಗಳ ಮೇಲೂ ಅದನ್ನು ಹೀಗೆ ಓಡಿಸಿ ನೋಡಬೇಕು. ತನಗೆ ಅನುಕೂಲವಾದ ಐದು ಸಾಲು ಆರಿಸಿಕೊಂಡು ಗೆಲ್ಲುವುದು ಯಾವ ವ್ಯಾಖ್ಯಾನಕ್ಕೂ ಕಷ್ಟವಲ್ಲ.

ಈ ಪರೀಕ್ಷೆ ನಮ್ಮ ಕಟ್ಟುಕತೆಯೂ ಅಲ್ಲ. ಕವಿತೆಯೇ ಒಂದೆಡೆ ತನ್ನ ‘ಏಕೆಂದರೆ’ಯನ್ನು ಬಾಯಿಬಿಟ್ಟು ಹೇಳುತ್ತದೆ. ‘ಸರ್ಚ್ ಫಾರ್ ಟುಮಾರೊ’ ಧಾರಾವಾಹಿಯಲ್ಲಿ ನಾಯಕ ನಾಯಕಿ ಕೊನೆಗೂ ಒಂದಾದರೋ ಇಲ್ಲವೋ ಎಂದು ಹೆಂಗಸರು ತಲೆಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಕಪ್ಪುಜನ ಒಳ್ಳೆಯ ದಿನವನ್ನು ಅರಸುತ್ತಾ ಬೀದಿಯಲ್ಲಿರುತ್ತಾರೆ. ಸೋಫಾ ಮೇಲೆ ಕೂತು ‘ನಾಳೆಯ ಹುಡುಕಾಟ’ ನೋಡುವುದು ಒಂದು, ಬೀದಿಗಿಳಿದು ಹುಡುಕುವುದು ಇನ್ನೊಂದು. ಇಡೀ ಕವಿತೆಯ ಕೀಲಿ ಈ ಸಾಲು. ಆದರೂ ಹೆಸರಾಂತ ಸಾಲುಗಳ ಗದ್ದಲದಲ್ಲಿ ಉತ್ತರಗಳು ಇದನ್ನು ದಾಟಿ ಹೋಗುತ್ತವೆ.

ತೊಡಕಿನ ಸಾಲು

ಎರಡನೆಯ ರಾಶಿಯಲ್ಲಿ ಒಂದು ಸಾಲು ಎರಡು ಸಲ ಬರುತ್ತದೆ: ಪೊಲೀಸರು ನಮ್ಮ ಸೋದರರನ್ನು ಗುಂಡಿಟ್ಟು ಕೆಡವುವ ಚಿತ್ರಗಳು ‘ಇನ್‌ಸ್ಟಂಟ್ ರಿಪ್ಲೇ’ಯಲ್ಲಿ ಇರುವುದಿಲ್ಲ. ಪೊಲೀಸರಿಗೆ ಬಳಸಿರುವುದು ಆ ಕಾಲದ ಬೈಗುಳ, ‘ಹಂದಿಗಳು’. ‘ನೋಡಿ, ಟಿ.ವಿ. ಪೊಲೀಸ್ ಹಿಂಸೆಯನ್ನು ಮುಚ್ಚಿಡುತ್ತದೆ ಅಂತ ಇಲ್ಲೇ ಇದೆಯಲ್ಲ’ ಎಂಬ ವಾದಕ್ಕೆ ಆಧಾರ ಇದೇ. ನಿಧಾನವಾಗಿ ಬಿಡಿಸೋಣ.

ಮೊದಲನೆಯದು ಚರಿತ್ರೆ. 1970ರ ಅಮೆರಿಕದ ಟಿ.ವಿ. ಇಂಥ ಹಿಂಸೆಯನ್ನು ತೋರಿಸದೆ ಇರಲಿಲ್ಲ. 1963ರಲ್ಲಿ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಮಾನ ಹಕ್ಕಿಗಾಗಿ ಬೀದಿಗಿಳಿದ ಕಪ್ಪು ಮಕ್ಕಳ ಮೇಲೆ ಪೊಲೀಸ್ ನಾಯಿ, ನೀರಿನ ಪೈಪು ಬಿಟ್ಟದ್ದನ್ನು ದೇಶ ನೋಡಿತ್ತು. 1965ರ ಮಾರ್ಚ್ 7ರಂದು ಅದೇ ರಾಜ್ಯದ ಸೆಲ್ಮಾ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳಿದ ಮೆರವಣಿಗೆಗಾರರನ್ನು ಪೊಲೀಸರು ಬಡಿದಾಗ ಎಬಿಸಿ ವಾಹಿನಿ ರಾತ್ರಿಯ ಸಿನಿಮಾವನ್ನು ನಡುವೆಯೇ ನಿಲ್ಲಿಸಿ ಆ ದೃಶ್ಯ ಹಾಕಿತ್ತು. 1968ರಲ್ಲಿ ಷಿಕಾಗೋದಲ್ಲಿ ಪ್ರತಿಭಟನಕಾರರ ಮೇಲೆ ಬಿದ್ದ ಪೊಲೀಸ್ ಲಾಠಿಗಳೂ ತೆರೆಯ ಮೇಲೆ ಬಂದಿದ್ದವು. ಹೀಗಿರುವಾಗ ‘ಟಿ.ವಿ. ತೋರಿಸುವುದಿಲ್ಲ’ ಎಂಬುದು ಬರೀ ದೂರಾಗಿದ್ದರೆ ಕೇಳುಗನೇ ತಿರುಗಿಬಿದ್ದು, ತೋರಿಸಿದ್ದಾರಲ್ಲ ಎನ್ನುತ್ತಿದ್ದ.

ಎರಡನೆಯದು ‘ಇನ್‌ಸ್ಟಂಟ್ ರಿಪ್ಲೇ’ ಎಂಬ ಪದದ ಮನೆ. ಅದು ಆಟದ ನೇರಪ್ರಸಾರದ ತಂತ್ರ. 1963ರ ಡಿಸೆಂಬರ್ 7ರ ಆರ್ಮಿ-ನೇವಿ ಫುಟ್‌ಬಾಲ್ ಪಂದ್ಯದಲ್ಲಿ ಮೊದಲು ಬಳಕೆಯಾಯಿತು; ಕವಿತೆಯ ಹೊತ್ತಿಗೆ ಏಳು ವರ್ಷದ ಹೊಸ ಚಮತ್ಕಾರ. ಚೆಂಡು ಹಿಡಿದದ್ದನ್ನು ಮತ್ತೊಮ್ಮೆ ತೋರಿಸಿ ಚಪ್ಪಾಳೆ ಗಿಟ್ಟಿಸುವ ಆ ಜಾಗದಲ್ಲಿ ಕವಿ ಒಬ್ಬ ಮನುಷ್ಯನ ಸಾವನ್ನು ಇಟ್ಟಿದ್ದಾನೆ. ಸಿಟ್ಟು ಸಾವನ್ನು ಬಚ್ಚಿಟ್ಟದ್ದಕ್ಕಲ್ಲ, ಮತ್ತೆ ಮತ್ತೆ ಓಡಿಸಬಹುದಾದ ತುಣುಕಾಗಿಸಿದ್ದಕ್ಕೆ.

ಮೂರನೆಯದು ರಚನೆ, ಮತ್ತು ಜನ ತಪ್ಪಿಸಿಕೊಳ್ಳುವ ಹಂತ ಇದು. ಸಾಲು ಎರಡು ಸಲ ಬರುವುದು ಕವಿಯ ಉದಾಸೀನವಲ್ಲ. ಒಂದೂ ಅಕ್ಷರ ಬದಲಾಗದೆ, ಬೆನ್ನಿಗೆ ಬೆನ್ನು ಬರುತ್ತದೆ: ಸಾಲೇ ತನ್ನನ್ನು ರಿಪ್ಲೇ ಮಾಡಿಕೊಳ್ಳುತ್ತದೆ. ಇದರ ಉತ್ತರ ಕವಿತೆಯ ತುದಿಯಲ್ಲಿದೆ. ಅಲ್ಲಿ ‘ಟಿ.ವಿ.ಯಲ್ಲಿ ಬರುವುದಿಲ್ಲ’ ಎಂಬುದು ನಾಲ್ಕು ಸಲ ಮೊಳಗಿದ ಮೇಲೆ, ಕ್ರಾಂತಿ ‘ರೀ-ರನ್’ ಆಗಿರುವುದಿಲ್ಲ, ‘ಲೈವ್’ ಆಗಿರುತ್ತದೆ ಎಂದು ಮುಗಿಯುತ್ತದೆ. ರಿಪ್ಲೇ, ರೀ-ರನ್, ಲೈವ್: ಮೂರನ್ನೂ ಒಂದೇ ಗೆರೆಯಲ್ಲಿ ಬರೆದುಕೊಳ್ಳಿ. ಮೊದಲೆರಡು ಮರುಪ್ರದರ್ಶನಕ್ಕೆ ಸಿಗುವವು. ಮೂರನೆಯದು ಒಂದೇ ಸಲ ನಡೆಯುವಂಥದು, ಅದೂ ನೀನು ಅಲ್ಲಿದ್ದರೆ.

ಇದರಿಂದಲೇ ಇನ್ನೊಂದು ಚಾಲ್ತಿಯ ಆಕ್ಷೇಪವೂ ಬಗೆಹರಿಯುತ್ತದೆ: ‘ಈಗ ಮೊಬೈಲ್‌ನಲ್ಲಿ ಎಲ್ಲವೂ ಲೈವ್ ಬರುತ್ತದೆ, ಹಾಗಾಗಿ ಕವಿತೆ ಸುಳ್ಳಾಯಿತು.’ ನೇರಪ್ರಸಾರ ನೋಡುವವನೂ ನೋಡುಗನೇ. ತೆರೆ ಚಿಕ್ಕದಾಗಿ ಕೈಗೆ ಬಂದರೆ ಮೊದಲ ರಾಶಿಯ ಸಾಲುಗಳು ಇನ್ನಷ್ಟು ಗಟ್ಟಿಯಾಗುತ್ತವೆ ಎಂದು ವಾದಿಸಲೂಬಹುದು.

ಒಂದು ಅಡ್ಡದಾರಿ: ನಿಷೇಧದಲ್ಲಿ ವಿಧಿ

ಕಾವ್ಯಮೀಮಾಂಸೆ ಓದಿದವರಿಗೆ ಈ ಗಂಟು ಬೇಗ ಸಡಿಲವಾಗುತ್ತದೆ. ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ವಾಚ್ಯ (ಮಾತು ನೇರವಾಗಿ ಹೇಳುವುದು) ಮತ್ತು ವ್ಯಂಗ್ಯ (ಮಾತು ಒಳಗೆ ಸೂಚಿಸುವುದು) ಬೇರೆ ಬೇರೆ ಎಂದು ತೋರಿಸಲು ಕೊಡುವ ಮೊದಲ ಉದಾಹರಣೆಗಳನ್ನು ನೆನಪಿಸಿಕೊಳ್ಳಿ. ಒಂದರಲ್ಲಿ ‘ನಿಶ್ಚಿಂತೆಯಿಂದ ಓಡಾಡು, ಆ ನಾಯಿಯನ್ನು ಸಿಂಹ ಕೊಂದಿದೆ’ ಎಂಬ ಮಾತಿನ ಒಳಗೆ ‘ಇತ್ತ ಬರಬೇಡ’ ಇದೆ: ವಾಚ್ಯ ವಿಧಿ, ವ್ಯಂಗ್ಯ ನಿಷೇಧ. ಇನ್ನೊಂದರಲ್ಲಿ ‘ಇರುಳು ಕಾಣದೆ ನಮ್ಮ ಹಾಸಿಗೆಯ ಮೇಲೆ ಬಿದ್ದೀಯೆ’ ಎಂದು ದಾರಿಹೋಕನನ್ನು ಎಚ್ಚರಿಸುವ ಮಾತಿನ ಒಳಗೆ ಆಹ್ವಾನ ಇದೆ: ವಾಚ್ಯ ನಿಷೇಧ, ವ್ಯಂಗ್ಯ ವಿಧಿ.

ನಮ್ಮ ಕವಿತೆ ಎರಡನೆಯ ಬಗೆಯದು. ‘ಮನೆಯಲ್ಲಿ ಉಳಿಯಲಾರೆ, ಟಿ.ವಿ.ಯಲ್ಲಿ ಬರುವುದಿಲ್ಲ’ ಎಂಬ ಸಾಲುಸಾಲು ನಿಷೇಧ ಧ್ವನಿಸುವುದು ‘ಎದ್ದು ಹೊರಗೆ ಬಾ’ ಎಂಬ ಒಂದೇ ವಿಧಿಯನ್ನು. ‘ಹೋರಾಡಿ’ ಎಂದು ಒಂದು ಕಡೆಯೂ ನೇರವಾಗಿ ಕೂಗುವುದಿಲ್ಲ ಎಂಬುದನ್ನು ಗಮನಿಸಿ. ಕೂಗಿದ್ದರೆ ಅದೂ ಒಂದು ಜಾಹೀರಾತಾಗುತ್ತಿತ್ತು. ಪರೀಕ್ಷೆಯಲ್ಲಿ ಇಷ್ಟನ್ನು ಎರಡು ವಾಕ್ಯದಲ್ಲಿ ಬರೆದರೆ ಸಾಕು; ಧ್ವನಿಸಿದ್ಧಾಂತದ ಪ್ರಬಂಧ ಬೇಡ.

ಕೂಡುವ ಚಿಹ್ನೆಯ ಸಾಲುಗಳು

ಇವು ಬೆರಳೆಣಿಕೆಯಷ್ಟಿವೆ, ಹಾಗಾಗಿಯೇ ತೂಕ ಜಾಸ್ತಿ. ಬೀದಿಯಲ್ಲಿರುವ ಜನರ ಸಾಲನ್ನು ಆಗಲೇ ನೋಡಿದೆವು. ಇನ್ನೊಂದು ಜಾಹೀರಾತುಗಳ ನಡುವೆ ಅಡಗಿದೆ. ಕೋಕ್ ಇಲ್ಲ, ಕ್ರಿಮಿ ಇಲ್ಲ ಎಂದು ಬರುತ್ತಿದ್ದ ಪಟ್ಟಿ ತಟ್ಟನೆ ತಿರುಗಿ, ಕ್ರಾಂತಿ ನಿನ್ನನ್ನು ಚಾಲಕನ ಸೀಟಿನಲ್ಲಿ ‘ಕೂರಿಸುತ್ತದೆ’ ಎನ್ನುತ್ತದೆ. ಹರ್ಟ್ಜ್ ಎಂಬ ಬಾಡಿಗೆ ಕಾರಿನ ಕಂಪನಿಯ ಘೋಷವಾಕ್ಯ ಅದು. ಉಳಿದ ಜಾಹೀರಾತುಗಳನ್ನೆಲ್ಲ ತಿರಸ್ಕರಿಸಿದ ಕವಿ ಇದೊಂದನ್ನು ಕಿತ್ತುಕೊಂಡು ತನ್ನದಾಗಿಸಿಕೊಳ್ಳುತ್ತಾನೆ, ಯಾಕೆಂದರೆ ಹಿಂದಿನ ಸೀಟಿನಲ್ಲಿ ಕೂತು ನೋಡುವವನು ಸ್ಟಿಯರಿಂಗ್ ಹಿಡಿಯಬೇಕೆಂಬುದೇ ಅವನ ಮಾತು. ಪಟ್ಟಿಯ ಓಟದಲ್ಲಿ ಕಿವಿ ಇದನ್ನೂ ‘ಇಲ್ಲ’ ಎಂದೇ ಕೇಳಿಸಿಕೊಂಡುಬಿಡುತ್ತದೆ. ಕಡೆಯ ಕೂಡುವ ಚಿಹ್ನೆ ಆ ‘ಲೈವ್’.

ಹೆಸರುಗಳು

ಎಲ್ಲವನ್ನೂ ಉರುಹೊಡೆಯುವ ಅಗತ್ಯವಿಲ್ಲ. ನಾಲ್ಕು ಗುಂಪು, ಪ್ರತಿಯೊಂದಕ್ಕೆ ಒಂದು ಉದಾಹರಣೆ ಸಾಕು.

ಅಧಿಕಾರಸ್ಥರು: ಅಧ್ಯಕ್ಷ ನಿಕ್ಸನ್ ಕಹಳೆ ಊದುತ್ತಾನೆ, ಅಟಾರ್ನಿ ಜನರಲ್ ಜಾನ್ ಮಿಚೆಲ್, ವಿಯೆಟ್ನಾಂ ಪಡೆಗಳ ದಂಡನಾಯಕ ಜನರಲ್ ಏಬ್ರಮ್ಸ್ ದಾಳಿಗೆ ಹೊರಡುತ್ತಾರೆ. ಯಾಕೆ? ಹಾರ್ಲೆಮ್‌ನಲ್ಲಿ ಜಪ್ತಿ ಮಾಡಿದ ಹಂದಿಯ ಜಠರ ತಿನ್ನಲು. ಅದು ಕಪ್ಪುಜನರ ಬಡ ಅಡುಗೆ. ಬರೀ ನಗೆಯಲ್ಲ, ಕಸಿದುಕೊಳ್ಳುವಿಕೆಯೂ ಇದೆ.

ಮನರಂಜಕರು: ನಟಿ ನ್ಯಾಟಲಿ ವುಡ್, ನಟ ಸ್ಟೀವ್ ಮಕ್ವೀನ್ ಮುಂತಾದವರು. ‘ಗ್ರೀನ್ ಏಕರ್ಸ್’, ‘ಬೆವರ್ಲಿ ಹಿಲ್‌ಬಿಲೀಸ್’ ಕಾರ್ಯಕ್ರಮಗಳು ಇನ್ನು ಪ್ರಸ್ತುತವಲ್ಲ ಎಂಬ ಸಾಲೂ ಈ ಗುಂಪಿನದೇ. 1971ರಲ್ಲಿ ಸಿಬಿಎಸ್ ವಾಹಿನಿ ಅವೆರಡನ್ನೂ ನಿಜಕ್ಕೂ ನಿಲ್ಲಿಸಿತು, ಆದರೆ ಕ್ರಾಂತಿಗಲ್ಲ, ಜಾಹೀರಾತುದಾರರಿಗೆ ಬೇಕಾದ ನಗರದ ಯುವ ವೀಕ್ಷಕರಿಗಾಗಿ!

ಸರಕುಗಳು: ‘ಬಿಳಿ ಸುಂಟರಗಾಳಿ’ ಏಜಾಕ್ಸ್ ಎಂಬ ಮನೆ ಶುಚಿ ಮಾಡುವ ದ್ರಾವಣದ ಜಾಹೀರಾತು. ಕವಿ ಅದರ ಹಿಂದೆಯೇ ಬಿಳಿ ಮಿಂಚು, ಬಿಳಿ ಜನ ಎಂದು ಪೋಣಿಸಿ ಜಾಹೀರಾತಿನಿಂದ ಜನಾಂಗಕ್ಕೆ ಮೂರೇ ಹೆಜ್ಜೆಯಲ್ಲಿ ಬರುತ್ತಾನೆ.

ಕಪ್ಪು ನಾಯಕರು: ಈ ಗುಂಪನ್ನು ಬಿಟ್ಟರೆ ಉತ್ತರ ಸೊರಗುತ್ತದೆ. ಕಪ್ಪುಜನರ ಹಕ್ಕಿನ ಹಳೆಯ ಸಂಸ್ಥೆ ಅರ್ಬನ್ ಲೀಗ್‌ನ ವಿಟ್ನಿ ಯಂಗ್ ಹಾರ್ಲೆಮ್‌ನಿಂದ ಓಡಿಸಲ್ಪಡುವ ಚಿತ್ರ, ಅಂಥದೇ ಇನ್ನೊಂದು ಸಂಸ್ಥೆ ಎನ್‌ಎಎಸಿಪಿಯ ರಾಯ್ ವಿಲ್ಕಿನ್ಸ್ ಕೆಂಪು-ಕಪ್ಪು-ಹಸಿರು ಉಡುಗೆ ತೊಟ್ಟು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ ಸುತ್ತಾಡುವ ಚಿತ್ರ ಇಲ್ಲಿವೆ. ಆ ಮೂರು ಬಣ್ಣ ಕಪ್ಪು ರಾಷ್ಟ್ರೀಯವಾದಿ ನಾಯಕ ಮಾರ್ಕಸ್ ಗಾರ್ವಿಯ ಸಂಘಟನೆ 1920ರಲ್ಲಿ ಘೋಷಿಸಿದ ಬಾವುಟದ್ದು; ವಾಟ್ಸ್ 1965ರ ದಂಗೆಯ ಜಾಗ. ಮಂದಗಾಮಿ ನಾಯಕ ಸರಿಯಾದ ಸಮಯಕ್ಕೆಂದು ಎತ್ತಿಟ್ಟ ವೇಷ ಹಾಕಿ ಕ್ಯಾಮೆರಾಗೆ ಬರುತ್ತಾನೆ ಎಂಬ ಕಟಕಿ. ಹಾಗಾಗಿ ‘ಬಿಳಿಯರ ವಿರುದ್ಧ ಕಪ್ಪುಜನ’ ಎಂದು ಕವಿತೆಯನ್ನು ಎರಡೇ ಪಾಲು ಮಾಡಿದರೆ ತಪ್ಪಾಗುತ್ತದೆ.

ಕೇಳುವಾಗ

ಒಂದು ಸಲ ಪಠ್ಯವಿಲ್ಲದೆ, ಒಂದು ಸಲ ಪಠ್ಯದೊಂದಿಗೆ ಉಸಿರು ತೆಗೆದುಕೊಳ್ಳುವ ಕಡೆ ಗೆರೆ ಎಳೆಯುತ್ತಾ ಕೇಳಿ. ಹೆಸರುಗಳ ಪಟ್ಟಿಯಲ್ಲಿ ಉಸಿರಿಗೆ ಎಡೆಯೇ ಇಲ್ಲದಂತೆ ಮಾತು ಓಡುತ್ತದೆ, ಪಲ್ಲವಿಯಂಥ ‘ಟಿ.ವಿ.ಯಲ್ಲಿ ಬರುವುದಿಲ್ಲ’ ಮಾತ್ರ ತಾಳದ ಮೇಲೆ ಬಂದು ನಿಲ್ಲುತ್ತದೆ. ಎಲ್ಲ ಹೆಸರೂ ಹಿಡಿಯಲಾಗದಿದ್ದರೆ ಚಿಂತೆ ಬೇಡ, ತೆರೆಯ ಮೇಲೆ ಸರಸರನೆ ದಾಟುವ ಮುಖಗಳ ಅನುಭವ ಅದೇ. 1971ರ ಬೇಸ್ ಎಳೆ ಒಂದೇ ಸುತ್ತನ್ನು ಬಿಡದೆ ತಿರುಗಿಸುತ್ತದೆ. ಅದರ ಮೋಹಕ್ಕೆ ಬಿದ್ದರೆ ಮಾತು ಹಿಂದೆ ಸರಿಯುತ್ತದೆ, ಆದ್ದರಿಂದ ಅರ್ಥಕ್ಕೆ 1970ರದ್ದೇ ವಾಸಿ.

ಕವಿಯ ಸ್ವಂತ ಮಾತು ಬಳಸುವುದಾದರೆ

ಮುಂದೆ ಒಂದು ಸಂದರ್ಶನದಲ್ಲಿ ಕವಿ, ಮೊದಲ ಬದಲಾವಣೆ ನಡೆಯುವುದು ಮನಸ್ಸಿನಲ್ಲಿ, ಅದನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು ಎಂಬರ್ಥದ ವಿವರಣೆ ಕೊಟ್ಟಿದ್ದಾನೆ. ಅದು ನಮ್ಮ ಓದಿಗೆ ಬೆಂಬಲವೇ. ಆದರೆ ಅದೊಂದನ್ನೇ ಹಿಡಿದರೆ ಬೀದಿಯ ಸಾಲು ಮಾಯವಾಗಿ ಕವಿತೆ ಧ್ಯಾನದ ಉಪದೇಶವಾಗುತ್ತದೆ. ಮನಸ್ಸೂ ಬೀದಿಯೂ ಎರಡೂ ಇರಲಿ, ಸಾಕ್ಷಿಗೆ ಮೊದಲು ಪಠ್ಯವನ್ನು ಕರೆಯಿರಿ.

ಉದ್ಧರಿಸುವಾಗ ಯಾವ ಆವೃತ್ತಿ ಎಂದು ಬರೆಯುವುದು ಕಡ್ಡಾಯ. ನಿಕ್ಸನ್ ಸಾಲಿನ ಕೊನೆಯ ಹೆಸರು 1970ರದ್ದರಲ್ಲಿ ಮೆಂಡೆಲ್ ರಿವರ್ಸ್, ಸಂಸತ್ತಿನ ಕೆಳಮನೆಯ ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷ. ಆತ 1970ರ ಡಿಸೆಂಬರ್‌ನಲ್ಲಿ ತೀರಿಕೊಂಡ. 1971ರದ್ದರಲ್ಲಿ ಆ ಜಾಗಕ್ಕೆ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಬಂದಿದ್ದಾನೆ. ಒಂದು ಆವೃತ್ತಿಯ ವರ್ಷ ಕೊಟ್ಟು ಇನ್ನೊಂದರ ಹೆಸರು ಬರೆದರೆ ಸಿಕ್ಕಿಬೀಳುವುದು ಇಲ್ಲೇ.