ಓದುಗರ ಪ್ರಶ್ನೆ: ‘ಅಮ್ಮನಿಗೆ ವಯಸ್ಸಾಯ್ತಲ್ಲ, ಎಲ್ಲಕ್ಕೂ ನನ್ನನ್ನೇ ಕೇಳಿದರೆ ಒಳ್ಳೆಯದಲ್ಲವೇ?’

ಪ್ರಶ್ನೆ: ಅಮ್ಮನಿಗೆ 79. ಮೈಸೂರಿನ ಹೊರವಲಯದ ಹಿರಿಯರ ವಸತಿ ಸಮುಚ್ಚಯವೊಂದರಲ್ಲಿ ಒಬ್ಬರೇ ಇದ್ದಾರೆ. ನಾನಿರುವುದು ವಿದೇಶದಲ್ಲಿ. ಮಾತ್ರೆ ಬದಲಾಯಿಸುವುದರಿಂದ ಹಿಡಿದು ಕೋಣೆ ಬದಲಾಯಿಸುವವರೆಗೆ ಅಲ್ಲಿನವರು ಎಲ್ಲದಕ್ಕೂ ನನಗೇ ಫೋನ್ ಮಾಡುತ್ತಾರೆ. ಅಮ್ಮನಿಗೆ ಇದರಿಂದ ಬೇಸರ. ಆದರೆ ವಯಸ್ಸಾದವರು ಮಕ್ಕಳಿದ್ದ ಹಾಗೆ ತಾನೆ? ಇದು ಅವರ ಒಳ್ಳೆಯದಕ್ಕೇ ಅಲ್ಲವೇ?

ಉತ್ತರ: ಅಲ್ಲ. ಕೇಳುವವರ ಊರು ಬದಲಾಗುತ್ತದೆ, ಅಮ್ಮನ ಜಾಗದಲ್ಲಿ ಅಪ್ಪ ಬರುತ್ತಾರೆ, 79 ಹೋಗಿ 86 ಆಗುತ್ತದೆ. ಉತ್ತರ ಮಾತ್ರ ಬದಲಾಗುವುದಿಲ್ಲ.

ಕಾನೂನಿನ ಮಾತು ಬೇಗ ಮುಗಿಸೋಣ. 1872ರ ಭಾರತೀಯ ಕರಾರು ಕಾಯ್ದೆ ವ್ಯವಹಾರಕ್ಕೆ ಕೆಳಗಿನ ವಯೋಮಿತಿ ಇಟ್ಟಿದೆಯೇ ಹೊರತು ಮೇಲಿನದ್ದಲ್ಲ. ವಯಸ್ಕರಾಗಿರಬೇಕು, ಸ್ವಸ್ಥ ಮನಸ್ಸಿರಬೇಕು, ಬೇರೆ ಕಾನೂನಿನ ಅಡ್ಡಿ ಇರಬಾರದು, ಅಷ್ಟೇ. ಚಿಕಿತ್ಸೆಯ ಒಪ್ಪಿಗೆಯೂ ಹಾಗೆಯೇ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ 44ರ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಾಯಿಯ ಪರವಾಗಿ ಮಗ ಹೇಳಿದರೂ ಲೆಕ್ಕ ಅದೇ. ‘ನನ್ನ ಹತ್ತಿರ ಜನರಲ್ ಪವರ್ ಆಫ್ ಅಟಾರ್ನಿ ಇದೆ’ ಎನ್ನುವವರಿಗೆ ಇನ್ನೊಂದು ಮಾತು: ಅದು ಅಮ್ಮನ ಪರವಾಗಿ ಕೆಲಸ ಮಾಡಲು ಕೊಟ್ಟ ಅಧಿಕಾರ, ಅಮ್ಮನ ಅಧಿಕಾರ ಕಿತ್ತುಕೊಂಡದ್ದಲ್ಲ. ಅವರ ಬುದ್ಧಿ ನಿಜಕ್ಕೂ ಸ್ವಾಧೀನ ತಪ್ಪಿದರೆ ಆ ಪತ್ರವೇ ಬಿದ್ದುಹೋಗುತ್ತದೆ. ಯಾವ ಸಂದರ್ಭಕ್ಕೆಂದು ಮಾಡಿಸಿಟ್ಟುಕೊಂಡಿರುತ್ತಾರೋ, ಸರಿಯಾಗಿ ಆಗಲೇ ಅದು ಕೈಕೊಡುತ್ತದೆ.

ಇನ್ನು ಎಲ್ಲ ತೊಂದರೆಗೂ ಮೂಲವಾದ ನಂಬಿಕೆ: ಅರವತ್ತಕ್ಕೆ ಅರಳುಮರಳು. ಸಿಬ್ಬಂದಿ ‘ಅಜ್ಜೀ, ಜಾಣೆ ಅಲ್ವಾ, ಮಾತ್ರೆ ನುಂಗಿಬಿಡಿ’ ಎಂದು ಮುದ್ದುಗರೆಯುವುದು, ಡಾಕ್ಟರು ಎದುರಿಗೆ ಕೂತವರನ್ನು ಬಿಟ್ಟು ಹಿಂದೆ ನಿಂತ ಮಗಳ ಕಡೆ ತಿರುಗುವುದು, ಎಲ್ಲವೂ ಇದರ ಮರಿಗಳೇ. ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ (ನೆನಪು, ಬುದ್ಧಿಶಕ್ತಿ ಕುಂದುವ ಕಾಯಿಲೆ) ಇರುವವರು ಸುಮಾರು 7.4% ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ವಯಸ್ಸು ಏರಿದಂತೆ ಪ್ರಮಾಣವೂ ಏರುತ್ತದೆ, ನಿಜ. ಆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇಲ್ಲದ ಕಾಯಿಲೆಯನ್ನು ಎಲ್ಲರ ತಲೆಗೂ ಕಟ್ಟುವುದು ಯಾವ ನ್ಯಾಯ? ಪರಿಚಿತರ ಹೆಸರು ತಕ್ಷಣ ಹೊಳೆಯದೆ, ಕಾಫಿ ಕುಡಿಯುವ ಹೊತ್ತಿಗೆ ನೆನಪಾದರೆ ಅದು ವಯಸ್ಸು. ವರ್ಷಗಟ್ಟಲೆ ಬರೆದುಕೊಂಡು ಬಂದ ಹಾಲಿನ ಲೆಕ್ಕವೇ ಈಗ ಅರ್ಥವಾಗುತ್ತಿಲ್ಲ ಎಂದರೆ ಪರೀಕ್ಷೆ ಮಾಡಿಸಬೇಕಾದ ವಿಷಯ.

ಅರಳುಮರಳು ಎನಿಸಿಕೊಳ್ಳುವುದರಲ್ಲಿ ಎಷ್ಟೋ ಬರೀ ಕಿವಿಯ ತೊಂದರೆ. ವಯಸ್ಸಿನೊಂದಿಗೆ ಮೊದಲು ಕುಗ್ಗುವುದು ಏರುಸ್ಥಾಯಿಯ ಶಬ್ದ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಊಟದ ಹಾಲ್‌ನಲ್ಲಿ ಬಡಿಸುವವನು ‘ಸಾಕಾ?’ ಎನ್ನುತ್ತಾನೆ. ಇವರಿಗೆ ‘ಹಾಕಾ?’ ಎಂದು ಕೇಳಿಸುತ್ತದೆ. ‘ಹೂಂ’ ಎನ್ನುತ್ತಾರೆ. ಅವನು ಸೌಟು ಎತ್ತಿಕೊಂಡು ಮುಂದೆ ಹೋಗುತ್ತಾನೆ, ಇವರು ‘ಎಲ್ಲಪ್ಪಾ ಸಾರು?’ ಎಂದು ಕೂಗುತ್ತಾರೆ. ಪಕ್ಕದ ಟೇಬಲಿನವರು ಮುಖಮುಖ ನೋಡಿಕೊಳ್ಳುತ್ತಾರೆ. ಇಲ್ಲಿ ಕೆಟ್ಟಿರುವುದು ಬುದ್ಧಿಯಲ್ಲ, ಒಂದು ‘ಸ’. ಮಗುವಿನೊಡನೆ ಆಡುವ ತೆಳು ಕೀರಲು ದನಿ ಇಂಥ ಕಿವಿಗೆ ಎಲ್ಲಕ್ಕಿಂತ ಕೆಟ್ಟದ್ದು, ಕಿರುಚಿದರಂತೂ ಪದ ಇನ್ನಷ್ಟು ಒಡೆಯುತ್ತದೆ. ಟಿವಿ ಆರಿಸಿ, ಮೂರ್ನಾಲ್ಕು ಅಡಿ ದೂರದಲ್ಲಿ ಎದುರು ನಿಂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನೋಡಿಕೊಂಡು, ದನಿಯ ಸ್ಥಾಯಿ ತಗ್ಗಿಸಿ (ಪಿಸುಗುಟ್ಟಿ ಎಂದಲ್ಲ) ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದನ್ನೇ ಮೂರು ಸಲ ಒದರಬೇಡಿ, ಮಾತು ಬದಲಾಯಿಸಿ: ‘ಸಾರು ಇನ್ನೂ ಬೇಕೇ?’

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಮೊನ್ನೆಯವರೆಗೂ ಸರಿಯಾಗಿದ್ದವರು ಇವತ್ತು ಏನೇನೋ ಬಡಬಡಿಸಿದರೆ ಅದು ಮುಪ್ಪಲ್ಲ. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ಹಿಡಿದು ಬರುತ್ತದೆ. ಗಂಟೆ, ದಿನಗಳಲ್ಲಿ ಬರುವ ಗೊಂದಲದ ಹಿಂದೆ ಬಹುಮಟ್ಟಿಗೆ ಬೇರೆ ಕಾರಣವಿರುತ್ತದೆ. ಮೂತ್ರದ ಸೋಂಕು, ಮೂತ್ರ ಕಟ್ಟುವುದು, ಮಲಬದ್ಧತೆ, ಹೊಸದಾಗಿ ಶುರುವಾದ ನಿದ್ದೆ ಮಾತ್ರೆ, ನೆಗಡಿಗೆಂದು ನುಂಗಿದ ಮಂಪರಿನ ಮಾತ್ರೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಜೊತೆಗೆ ಉಪ್ಪಿಲ್ಲದ ಊಟ, ಮೇಲೆ ಎರಡು ದಿನ ಭೇದಿಯಾದರೆ ರಕ್ತದ ಸೋಡಿಯಂ ಸಾಮಾನ್ಯ ಕೆಳಮಿತಿಯಾದ 135ಕ್ಕಿಂತ ಎಷ್ಟೋ ಕೆಳಗೆ ಇಳಿದಿರಬಹುದು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿದವರಿಗೆ ಸಕ್ಕರೆ ಕುಸಿದಿರಬಹುದು. ಕೆಲವು ವಾರಗಳ ಹಿಂದೆ ಬಾತ್‌ರೂಮಿನಲ್ಲಿ ಬಿದ್ದು ತಲೆಗೆ ಏಟು ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತಲೆಯೊಳಗೆ ನಿಧಾನಕ್ಕೆ ರಕ್ತ ಸೋರುತ್ತಿರಬಹುದು. ಇವುಗಳಲ್ಲಿ ಹೆಚ್ಚಿನವು ಗುಣವಾಗುವಂಥವು, ಸಮಯಕ್ಕೆ ನೋಡಿದರೆ. ‘ವಯಸ್ಸಾಯ್ತಲ್ಲ’ ಎಂಬ ಒಂದು ಮಾತು ಈ ಪಟ್ಟಿಯನ್ನೆಲ್ಲ ಮುಚ್ಚಿಹಾಕುತ್ತದೆ. ಅದಕ್ಕೇ ಆ ಮಾತು ಕಂಡರೆ ಇಷ್ಟು ಸಿಟ್ಟು.

ಈಗ ನೀವು ಮಾಡಬೇಕಾದದ್ದು. ಪ್ರವೇಶದ ಅರ್ಜಿ ತರಿಸಿ ನೋಡಿ. ಬಹಳ ಕಡೆ ‘ಗಾರ್ಡಿಯನ್’ ಅಥವಾ ‘ಜವಾಬ್ದಾರರು’ ಎಂಬ ಒಂದೇ ಕಾಲಂ ಇರುತ್ತದೆ, ಎಡವಟ್ಟು ಅಲ್ಲಿಂದಲೇ ಶುರು. ಅದನ್ನು ಮೂರು ಮಾಡಿಸಿ: ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಬಿಲ್ ಯಾರು ಕಟ್ಟುತ್ತಾರೆ, ನಿರ್ಧಾರ ಯಾರದ್ದು. ಮೊದಲ ಎರಡರಲ್ಲಿ ನಿಮ್ಮ ಹೆಸರಿರಲಿ, ಮೂರನೆಯದರಲ್ಲಿ ಅಮ್ಮನದ್ದು. ಜೊತೆಗೆ ಒಂದು ಪುಟದ ಪತ್ರ ಕೊಡಿಸಿ, ಸಹಿ ಅಮ್ಮನದ್ದೇ ಇರಬೇಕು. ಅದರಲ್ಲಿ ಅಮ್ಮ ಹೀಗೆ ಬರೆಯಲಿ: ‘ಆರೋಗ್ಯದ ವಿಷಯ ಮೊದಲು ನನಗೆ ಹೇಳಬೇಕು. ಮಗನಿಗೆ ಏನೇನು ತಿಳಿಸಬಹುದು ಎಂಬುದು ಇದು. ನನಗೆ ಪ್ರಜ್ಞೆ ಇಲ್ಲದಾಗ ಮಾತ್ರ ಅವನನ್ನು ಕೇಳಿ. ನನ್ನನ್ನು ಇಂಥ ಹೆಸರಿನಿಂದ ಕರೆಯಿರಿ.’ ಮ್ಯಾನೇಜರಿಂದ ಸ್ವೀಕೃತಿ ಸಹಿ, ತಾರೀಖು ಹಾಕಿಸಿಕೊಳ್ಳಿ. ಆಮೇಲೂ ಫೋನ್ ಬಂದರೆ (ಬಂದೇ ಬರುತ್ತದೆ, ಅವರಿಗೆ ಅದು ಸುಲಭ) ನೀವು ಹೇಳಬೇಕಾದದ್ದು ಇಷ್ಟೇ: ‘ಅಮ್ಮನನ್ನು ಕೇಳಿದಿರಾ? ಏನು ಹೇಳಿದರು?’ ಪತ್ರ ಎಷ್ಟೇ ಚೆನ್ನಾಗಿದ್ದರೂ ನೀವೇ ಫೋನಿನಲ್ಲಿ ‘ಆಯ್ತು, ಮಾಡಿಬಿಡಿ’ ಎಂದುಬಿಟ್ಟರೆ ಅದು ರದ್ದಿಗೆ ಹಾಕುವ ಕಾಗದ. ಆಡಳಿತದವರು ಬಗ್ಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಅಮ್ಮನೇ ಫೋನ್ ಮಾಡಬಹುದು.

ಯಾರೂ ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ವಯೋಭೇದ, ಅಂದರೆ ವಯಸ್ಸು ನೋಡಿ ಜನರನ್ನು ಕೀಳಾಗಿ ಕಾಣುವುದು, ಸಿಬ್ಬಂದಿಯಿಂದ ಮಾತ್ರ ಬರುವುದಲ್ಲ. 68ರವರು 84ರವರನ್ನು ನೋಡುವ ನೋಟ ಗಮನಿಸಿ. ‘ವೀಲ್‌ಚೇರಿನವರಿಗೆ ಊಟ ಕೋಣೆಗೇ ಕಳಿಸಿ, ಇಲ್ಲಿ ಅತಿಥಿಗಳು ಬರುತ್ತಾರೆ’ ಎಂಬ ಬೇಡಿಕೆ ಬರುವುದು ನಿವಾಸಿಗಳ ಸಭೆಯಲ್ಲೇ. 1969ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಈ ಧೋರಣೆಯನ್ನು ವರ್ಣಭೇದದ ಸಾಲಿನಲ್ಲಿ ನಿಲ್ಲಿಸಿದ್ದೂ ವಾಷಿಂಗ್ಟನ್ನಿನ ಚೆವಿ ಚೇಸ್ ಭಾಗದಲ್ಲಿ ಹಿರಿಯರ ವಸತಿ ಬೇಡವೆಂದು ನೆರೆಹೊರೆಯವರು ಎದ್ದಾಗಲೇ. ಆಗ ಬೇಡವೆಂದವರು ಬೇಲಿಯ ಹೊರಗಿದ್ದರು, ಇಲ್ಲಿ ಒಳಗೇ ಇದ್ದಾರೆ. ಪರಿಣಾಮ ಏನೆಂದರೆ, ವಾಕರ್ ಬೇಕಾದವರು ಅದನ್ನು ಕೋಣೆಯಲ್ಲಿ ಬಚ್ಚಿಟ್ಟು ಗೋಡೆ ಹಿಡಿದುಕೊಂಡು ಊಟಕ್ಕೆ ಬರುತ್ತಾರೆ, ಬೀಳುತ್ತಾರೆ, ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಟೇಬಲುಗಳ ನಡುವೆ ಮೂರಡಿ ಜಾಗ ಬಿಟ್ಟು, ಕುರ್ಚಿಯ ಕೈಗೆಟಕುವಲ್ಲೇ ವಾಕರ್ ನಿಲ್ಲಿಸಲು ಬಿಟ್ಟರೆ ಅರ್ಧ ತೊಂದರೆ ಕಡಿಮೆ.

ಇಂಥ ಕಡೆ ಮನೆ ಕೊಳ್ಳುವ ಯೋಚನೆಯಿದ್ದರೆ ಮುಂಗಡ ಕೊಡುವ ಮೊದಲು ಒಂದು ಮಧ್ಯಾಹ್ನ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ. ನೂರು ಜನರ ಊಟದ ಹಾಲ್‌ನಲ್ಲಿ ಒಂದೂ ವಾಕರ್ ಕಾಣದಿದ್ದರೆ, ಅವನ್ನು ಹಿಡಿದು ನಡೆಯುವವರು ಎಲ್ಲಿ ಊಟ ಮಾಡುತ್ತಿದ್ದಾರೆ ಎಂದು ಮಾರಾಟದವರನ್ನು ಕೇಳಿ.