ಗುಡ್ಡ ಕುಸಿಯೋ ಲೆಕ್ಕದಲ್ಲಿ ಯಾವ ಸಂಖ್ಯೆ ಮುಖ್ಯ?

2018ರ ಆಗಸ್ಟ್‌ನ ಭೂಕುಸಿತ ಆದ್ಮೇಲೆ ಕೊಡಗಲ್ಲಿ ಮಳೆ ಜೋರಾದ್ರೆ ಎಲ್ರೂ ಕೇಳೋದು ಒಂದೇ, ಗುಡ್ಡ ನಿಲ್ಲುತ್ತಾ ಅಂತ. ಅದನ್ನ ಅಂದಾಜು ಮಾಡೋಕೆ ಕಂಪ್ಯೂಟರ್ ಮಾಡೆಲ್‌ಗಳಿವೆ, ಮಳೆ, ಇಳಿಜಾರು, ಮಣ್ಣಿನ ಆಳ, ನೀರು ಇಂಗೋ ವೇಗ, ಹಿಂದಿನ ವಾರದ ತೇವ ಹೀಗೆ ಹತ್ತಾರು ಸಂಖ್ಯೆ ಹಾಕ್ಬೇಕು. ಮಳೆನ ತೋಟದೋರು ದಿನಾ ಇಂಚು-ಸೆಂಟಲ್ಲಿ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ) ಬರೆದಿಡ್ತಾರೆ, ಆದ್ರೆ ಮಣ್ಣಿನ ಆಳ ಎಲ್ಲಾ ಕಡೆ ಅಗೆದು ನೋಡೋಕಾಗುತ್ತಾ? ಅಲ್ಲಿ ಊಹೆನೇ ಗತಿ. ಯಾವ ಊಹೆ ತಪ್ಪಿದ್ರೆ ಉತ್ತರ ಜಾಸ್ತಿ ಅಲ್ಲಾಡುತ್ತೆ ಅಂತ ಹುಡುಕೋದೇ ಸೆನ್ಸಿಟಿವಿಟಿ ಅನಾಲಿಸಿಸ್.

ಹಳೇ ದಾರಿ ಸುಲಭ, ಒಂದು ಸಂಖ್ಯೆ ಬದಲಾಯಿಸು, ಉಳಿದಿದ್ದು ಹಾಗೇ ಬಿಡು. ಈಗ್ಲೂ ತುಂಬಾ ಜನ ಇಷ್ಟೇ ಮಾಡಿ ಕೈ ತೊಳ್ಕೋತಾರೆ, ಇದು ನಂಗೆ ನಿಜಕ್ಕೂ ಬೇಜಾರು. ಯಾಕಂದ್ರೆ ವಾರಗಟ್ಲೆ ತೇವ ಒಂದೇ ಇದ್ರೆ ಏನೂ ಆಗ್ದೆ ಇರ್ಬಹುದು, ರಸ್ತೆಗೆ ಅಂತ ಕಡಿದ ಇಳಿಜಾರು ಒಂದೇ ಇದ್ರೂ ನಿಂತೇ ಇರ್ಬಹುದು, ಎರಡೂ ಸೇರಿದಾಗ ಗುಡ್ಡ ಜಾರುತ್ತೆ, ಒಂದೊಂದೇ ಬದಲಾಯಿಸೋ ಲೆಕ್ಕಕ್ಕೆ ಇದು ಕಾಣೋದೇ ಇಲ್ಲ. ಸಾಲ್ಟೆಲ್ಲಿ ಮತ್ತೆ ಅನ್ನೋನಿ ಅನ್ನೋ ಸಂಶೋಧಕರು 2010ರಲ್ಲಿ ಇದನ್ನ ಜ್ಯಾಮಿತಿಯಲ್ಲೇ ತೋರಿಸಿದ್ರು: ಸಂಖ್ಯೆಗಳು 10 ಇದ್ರೆ ಈ ವಿಧಾನ ಓಡಾಡೋ ಜಾಗ ಒಟ್ಟು ಸಾಧ್ಯತೆಗಳ ಸುಮಾರು 0.25 ಪರ್ಸೆಂಟ್ ಒಳಗೇ ಮುಗೀತು.

ಎಲ್ಲಾನೂ ಒಟ್ಟಿಗೆ ಅಲ್ಲಾಡಿಸೋ ಯೋಚನೆ ಹಳೇದೇ. 1973ರಲ್ಲಿ ಕುಕಿಯರ್ ಮತ್ತೆ ಜೊತೆಗಾರರು ರಸಾಯನಶಾಸ್ತ್ರದ ಲೆಕ್ಕಕ್ಕೆ ಫಾಸ್ಟ್ (FAST) ಅನ್ನೋ ವಿಧಾನ ತಂದ್ರು, ಪ್ರತಿ ಸಂಖ್ಯೆಗೂ ಬೇರೆ ಬೇರೆ ಫ್ರೀಕ್ವೆನ್ಸಿ ಕೊಟ್ಟು ಉತ್ತರದಲ್ಲಿ ಯಾರದ್ದು ಎಷ್ಟು ಅಂತ ಗುರುತಿಸೋದು. 1979ರಲ್ಲಿ ಲ್ಯಾಟಿನ್ ಹೈಪರ್‌ಕ್ಯೂಬ್ ಬಂತು, ಅಂದ್ರೆ ಪ್ರತಿ ಸಂಖ್ಯೆಯ ವ್ಯಾಪ್ತಿನ ಭಾಗ ಮಾಡಿ ಪ್ರತಿ ಭಾಗದಿಂದ್ಲೂ ಒಂದೊಂದು ಸ್ಯಾಂಪಲ್ ಆರಿಸೋ ದಾರಿ. ದೊಡ್ಡ ತಿರುವು ಅಂದ್ರೆ ರಷ್ಯಾದ ಗಣಿತಜ್ಞ ಸೊಬೋಲ್ 1990ರಲ್ಲಿ ರಷ್ಯನ್‌ನಲ್ಲಿ, 1993ರಲ್ಲಿ ಇಂಗ್ಲಿಷ್‌ನಲ್ಲಿ ಬರೆದ ವಿಧಾನ: ಉತ್ತರದ ಏರುಪೇರನ್ನ ಪಾಲು ಮಾಡಿ, ಇಷ್ಟು ಮಣ್ಣಿನದು, ಇಷ್ಟು ಮಳೆದು, ಇಷ್ಟು ಇಬ್ರೂ ಸೇರಿದ್ದಕ್ಕೆ ಅಂತ ಹೇಳೋ ಲೆಕ್ಕ. ಖರ್ಚು ಮಾತ್ರ ಭಾರಿ, 10 ಸಂಖ್ಯೆಗೆ ಸಾವಿರ ಸ್ಯಾಂಪಲ್ ಹಿಡಿದ್ರೆ ಮಾಡೆಲ್‌ನ 12,000 ಸಲ ಓಡಿಸ್ಬೇಕು. 1991ರ ಮಾರಿಸ್ ವಿಧಾನ ಒಂದೊಂದೇ ಸಂಖ್ಯೆ ಬದಲಾಯಿಸಿದ್ರೂ ಅದನ್ನ ಬೇರೆ ಬೇರೆ ಜಾಗದಿಂದ ಶುರು ಮಾಡಿ ನೋಡುತ್ತೆ, ಅದಕ್ಕೆ 110 ಸಲ ಓಡಿಸಿದ್ರೂ ಒಂದು ಅಂದಾಜು ಸಿಗುತ್ತೆ, ಅದಕ್ಕೇ ಮೊದ್ಲು ಮಾರಿಸ್‌ನಲ್ಲಿ ಜೊಳ್ಳು ತೆಗೆದು ಆಮೇಲೆ ಸೊಬೋಲ್ ಮಾಡೋದು ವಾಡಿಕೆ.

ಒಂದು ಎಚ್ಚರ ಬೇಕು. ಪ್ರತಿ ಸಂಖ್ಯೆ ಎಲ್ಲಿಂದ ಎಲ್ಲಿವರೆಗೆ ಅನ್ನೋ ಮಿತಿ ನಾವೇ ಕೊಡೋದು, ದಿನಕ್ಕೆ ಐದು ಇಂಚೇ ಗರಿಷ್ಠ ಅಂತ ಹಾಕಿದ್ರೆ ಮಳೆಗೆ ಅಷ್ಟೇನು ಮಹತ್ವ ಇಲ್ಲ ಅನ್ನೋ ಉತ್ತರ ಬಂದ್ರೂ ಬರ್ಬಹುದು. ಲೆಕ್ಕ ಸರಿಯಾಗಿ ಮಾಡಿ ಮಣ್ಣಿನ ಆಳದ್ದೇ ದೊಡ್ಡ ಪಾಲು ಅಂತ ಬಂದ್ರೆ, ಇನ್ನೊಂದು ಮಳೆಮಾಪಕ ಇಡೋ ದುಡ್ಡನ್ನ ಇಳಿಜಾರಲ್ಲಿ ಮಣ್ಣು ಕೊರೆದು ನೋಡೋಕೆ ಹಾಕ್ಬೇಕು.